ಟಾಪಿಕ್ ಸಾರ್

ಹತ್ತಿಯ ಅಂಡಿಗೆಗಳಿಂದಲೂ ಶೇಂಗಾದ ಧೂಳಿನಿಂದಲೂ ಕನ್ನಡ, ತೆಲುಗು, ಉರ್ದುಗಳ ಏಕಕಾಲದ ಗದ್ದಲದಿಂದಲೂ ಸದಾ ತುಂಬಿರುವ ಆದವಾನಿ ಪಟ್ಟಣದಲ್ಲಿ ನಾಲ್ಕನೆಯದೊಂದು ಭಾಷೆಯ ಕೊರತೆಯನ್ನು ಕಂಡು ಮರುಗಿ, ತನ್ನಿವಾರಣಾರ್ಥವಾಗಿ ಮಹಡಿಯ ಮೇಲೊಂದು ಕೋಣೆಯನ್ನು ಬಾಡಿಗೆಗೆ ಹಿಡಿದು, ‘ಸ್ಪೋಕನ್ ಇಂಗ್ಲಿಷ್’ ಎಂಬ ಫಲಕವನ್ನು ತೂಗುಹಾಕಿರುವ ಮಹನೀಯರನ್ನು, ಅಂಥವರು ಪ್ರತಿ ತಾಲ್ಲೂಕು ಕೇಂದ್ರದಲ್ಲಿಯೂ ಒಬ್ಬರಾದರೂ ಇರುವುದರಿಂದ, ಹೆಸರು ಹೇಳದೆಯೇ ವಾಚಕರು ಗುರುತಿಸಬಲ್ಲರು. ಶಿಷ್ಯವರ್ಗವು ಅವರನ್ನು ಕರೆಯುವುದು ‘ಟಾಪಿಕ್ ಸಾರ್’ ಎಂದು. ವ್ಯಾಕರಣ ಕಲಿಸುವವರು ಬೇರೆ ಇದ್ದಾರೆ; ಇವರದು ಚರ್ಚಾಮಾರ್ಗ.

ಚರ್ಚೆಯ ವಿಷಯಗಳೆಲ್ಲವೂ ದಲಾಲಿ ಅಂಗಡಿಗಳಲ್ಲಿರುವಂಥ ಕೆಂಪುಬಟ್ಟೆಯ ಉದ್ದನೆಯ ಖಾತೆ ಪುಸ್ತಕವೊಂದರಲ್ಲಿ ಅಡಕವಾಗಿವೆ. ಜಮಾ ಇರತಕ್ಕ ಕಡೆ ‘ಪರ’, ಖರ್ಚು ಇರತಕ್ಕ ಕಡೆ ‘ವಿರೋಧ’. ಲೇಖನಿ ಮೇಲೋ ಖಡ್ಗ ಮೇಲೋ, ಟೀವಿ ವರವೋ ಶಾಪವೋ, ರಜೆಯನ್ನು ಕಡಲತೀರದಲ್ಲಿ ಕಳೆಯುವುದು ಲೇಸೋ ಗಿರಿಧಾಮದಲ್ಲಿ ಲೇಸೋ ಎಂಬಿವನ್ನು, ರಜೆ ಬಂದೊಡನೆ ಹತ್ತಿ ಬಿಡಿಸಲು ಹೋಗುವ ಕೋಸಿಗಿ, ಕೌತಾಳಗಳ ಹುಡುಗರು ನಿರ್ವಿಕಾರಚಿತ್ತದಿಂದ ಕಂಠಪಾಠ ಮಾಡಿ ಒಪ್ಪಿಸುವರು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರ ರಾಜ್ಯಕ್ಕೆ ಸೇರಿದ್ದು ಸರಿಯೋ ತಪ್ಪೋ ಎಂದು ಕೆಳಗಿನ ಚಹಾದಂಗಡಿಯಲ್ಲಿ ಮುದುಕರು ಇಂದಿಗೂ ಮೇಜು ಕುಟ್ಟುತ್ತಾರಾದರೂ, ಆ ವಿಷಯಕ್ಕೆ ಖಾತೆಯಲ್ಲಿ ಪುಟವಿಲ್ಲ.

ಉಭಯಪಕ್ಷಗಳನ್ನೂ ಸಮಾನವಾಗಿ ಆದರಿಸುವ ಈ ಅಭ್ಯಾಸವು ಸಾರ್ ಅವರ ಅಸ್ಥಿಗತವಾಗಿದೆ. ಹುಳಿ ಹೇಗಾಗಿದೆಯೆಂದು ಮನೆಯಾಕೆ ಕೇಳಿದರೆ, ಅದಕ್ಕೆ ಎರಡು ಮುಖಗಳಿವೆಯೆಂದು ಆರಂಭಿಸುವರು; ಎರಡನೆಯ ಮುಖವನ್ನು ನಿರೂಪಿಸುವ ಅವಕಾಶವು ಅವರಿಗೆ ಇದುವರೆಗೆ ಲಭಿಸಿಲ್ಲ.

1823ರಲ್ಲಿ ಸ್ಥಾಪಿತವಾದ ಆಕ್ಸ್‌ಫರ್ಡ್ ಯೂನಿಯನ್ ಎಂಬ ಚರ್ಚಾಕೂಟವು ಇವರ ಗುರುಪೀಠ. ರಾಜನಿಗಾಗಿಯೂ ದೇಶಕ್ಕಾಗಿಯೂ ಯಾವ ಸಂದರ್ಭದಲ್ಲಿಯೂ ಯುದ್ಧ ಮಾಡೆವೆಂಬ ನಿರ್ಣಯವು 1933ರ ಫೆಬ್ರವರಿ 9ರಂದು ಅಲ್ಲಿ 275ಕ್ಕೆ 153 ಮತಗಳಿಂದ ಗೆದ್ದ ವೃತ್ತಾಂತವನ್ನು ಅವರು ಗದ್ಗದಕಂಠದಿಂದ ವರ್ಣಿಸಿ ಮುಗಿಸಿದಾಗ, ಹಿಂದಿನ ಬೆಂಚಿನಿಂದ ಒಂದು ಸಂದೇಹ ಎದ್ದಿತು:

“ಆಮ್ಯಾಲೆ ಯುದ್ಧ ಬಂತಲ್ರೀ ಸಾರ್, ಗೆದ್ದೋರು ಹೋಗ್ಲಿಲ್ಲೇನು?”

“ಅದು ಬೇರೆ ಟಾಪಿಕ್, ಕೂತ್ಕೋಪ್ಪಾ.”

ಪಕ್ಷವಿಂಗಡಣೆಯೇ ಕಠಿಣತರವಾದದ್ದು. ಎಡಗಡೆಯ ಬೆಂಚು ಪರ, ಬಲಗಡೆಯದು ವಿರೋಧವೆಂದು ಸಾರ್ ವಿಧಿಸಿದರೆ, ಹೊಳಗುಂದದ ಕಡೆಯ ಹುಡುಗನಿಗೆ ಅದು ಒಪ್ಪದು. ವಿಜಯದಶಮಿಯ ರಾತ್ರಿ ದೇವರಗಟ್ಟಿನಲ್ಲಿ ಮಾಳ ಮಲ್ಲೇಶ್ವರನ ಉತ್ಸವಮೂರ್ತಿಗಾಗಿ ಊರೂರುಗಳೇ ಬಡಿಗೆ ಹಿಡಿದು ಕಾದಾಡುವುದನ್ನು ಕಂಡವನಾದುದರಿಂದ, ಪಕ್ಷವೆಂಬುದು ಊರಿನಿಂದ ನಿರ್ಣಯವಾಗತಕ್ಕದ್ದೇ ಹೊರತು ಬೆಂಚಿನಿಂದಲ್ಲವೆಂದು ಅವನ ದೃಢಮತ.

ಇಂತಿರಲು, ಮಾರುಕಟ್ಟೆಯ ಭರಾಟೆಯ ಒಂದು ಸಂಜೆ, ಸಾರ್ ಬರುವುದು ಕೊಂಚ ತಡವಾದ ಸಮಯದಲ್ಲಿ, ಹತ್ತಿಯ ತೇವದ ಮಾತು ತಾನಾಗಿಯೇ ಹೊತ್ತಿಕೊಂಡಿತು. ಭಾರತೀಯ ಹತ್ತಿ ನಿಗಮದ (ಸಿ.ಸಿ.ಐ.) ಖರೀದಿಯಲ್ಲಿ ತೇವ ಶೇಕಡ 8ರೊಳಗಿದ್ದರೆ ಪೂರ್ಣ ಬೆಲೆ, ಅದನ್ನು ಮೀರಿದರೆ ಕಡಿತ, 12ನ್ನು ದಾಟಿದರೆ ವಾಪಸು. ದಲಾಲಿಯ ಮಗ ತೇವ ಅಳೆಯುವ ಮಷೀನಿನ ಪರ ನಿಂತ. ರೈತರ ಮಕ್ಕಳು, ಬೆಳಗಿನ ಇಬ್ಬನಿಗೆ ತಾವು ಹೊಣೆಯೇ ಎಂದು ಎದ್ದುನಿಂತರು. ವರ್ಷವಿಡೀ ‘ಐ ಅಗ್ರೀ’ ಎಂಬುದರಾಚೆಗೆ ತುಟಿ ತೆರೆಯದಿದ್ದವರು ಉಪಮಾನ, ಅನುಮಾನ, ಪ್ರತ್ಯಕ್ಷ ಪ್ರಮಾಣಗಳನ್ನೆಲ್ಲ ಸುರಿಸತೊಡಗಿದರು. ಆದರೆ ಕನ್ನಡದಲ್ಲಿ, ಕೋಪ ಏರಿದಂತೆ ತೆಲುಗಿನಲ್ಲಿ. ಇಂಗ್ಲಿಷಲ್ಲದ ಮಾತಿಗೆ ಒಂದು ರೂಪಾಯಿ ದಂಡವೆಂದು ಬಾಗಿಲ ಬಳಿ ಇರಿಸಿದ್ದ ಡಬ್ಬಿ ಝಣಝಣಿಸಿತು.

ಬಾಗಿಲಲ್ಲಿ ನಿಂತು ಕ್ಷಣಕಾಲ ಆಲಿಸಿದ ಸಾರ್, ಆಲೂರಿನ ಬಳಿ ಮೂರು ಎಕರೆ ಹತ್ತಿ ಹೊಲವುಳ್ಳವರಾದ ಕಾರಣ, “ಮುಂಜಾನೆ ಬಿಡಿಸಿದ ಹತ್ತೀನ ಮುಂಜಾನೆನೇ ಅಳೆದ್ರೆ ತೇವ ಇರದೆ ಇನ್ನೇನಿರ್ತೈತಲೇ!” ಎಂದು ಗರ್ಜಿಸಿ, ಬಳಿಕ ತಾವೂ ಜೇಬಿಗೆ ಕೈಹಾಕಿ ರೂಪಾಯಿಯೊಂದನ್ನು ಡಬ್ಬಿಗೆ ಹಾಕಿದರು.

ಆ ಹಣದಿಂದ ಸರ್ವರಿಗೂ ಉಗ್ಗಾಣಿ, ಮಿರ್ಚಿ ಬಜ್ಜಿ ಬಂದವು. ಅದೆಲ್ಲ ತೀರಿದ ಮೇಲೆ ಸಾರ್ ಕೈ ಒರೆಸಿಕೊಂಡು ಅಧ್ಯಕ್ಷಸ್ಥಾನದಿಂದ ತೀರ್ಪಿತ್ತರು: ಈ ವಿಷಯಕ್ಕೆ ಇರುವುದು ಒಂದೇ ಮುಖವಾದುದರಿಂದ ಇದು ಚರ್ಚೆಗೆ ಅರ್ಹವಲ್ಲ.