ಏಳು ಕುದುರೆ, ಹತ್ತೊಂಬತ್ತು ಕಾಲು

ನನ್ನ ಚಿತ್ರಶಾಲೆ ಎಂದರೆ ಮೈಸೂರಿನ ನಮ್ಮ ಮನೆಯ ಮಹಡಿಯ ಮೇಲಿನ ಒಂದು ಕೋಣೆ. ಹಿಂದೆ ಅಲ್ಲಿ ಮಕ್ಕಳ ತೊಟ್ಟಿಲು, ಕೈಮುರಿದ ಕುರ್ಚಿ, ಗಣಪತಿ ಹಬ್ಬದ ಮಂಟಪ ಇದ್ದವು. ಈಗಲೂ ಇವೆ, ಜೊತೆಗೆ ನಾನೂ ಇದ್ದೇನೆ. ಕೋಣೆಗೆ ಉತ್ತರಕ್ಕೊಂದು ಕಿಟಕಿ. ಚಿತ್ರ ಬರೆಯುವವನಿಗೆ ಉತ್ತರದ ಬೆಳಕೇ ಶ್ರೇಷ್ಠ, ಅಲ್ಲಿಂದ ಬಿಸಿಲು ನುಗ್ಗುವುದಿಲ್ಲ, ದಿನವಿಡೀ ಒಂದೇ ಹದದಲ್ಲಿರುತ್ತದೆ ಎಂದು ಯುರೋಪಿನ ಪುಸ್ತಕಗಳು ಹೇಳುತ್ತವೆ. ಅವನ್ನು ಬರೆದವರು ಮೇ ತಿಂಗಳಲ್ಲಿ ಮೈಸೂರಿಗೆ ಬಂದವರಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೆಯ ವಾರದವರೆಗೆ ಇಲ್ಲಿ ನಡುಮಧ್ಯಾಹ್ನದ ಸೂರ್ಯನೂ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಬೆಳಿಗ್ಗೆ ಸಂಜೆಯಂತೂ ಓರೆಯಾಗಿ ಕಿಟಕಿಯೊಳಗೇ ಇಣುಕಿ ನಾನೇನು ಮಾಡುತ್ತಿದ್ದೇನೆಂದು ನೋಡಿ ಹೋಗುತ್ತಾನೆ.

ಉಳಿದ ತಿಂಗಳುಗಳಲ್ಲಿ ತೊಂದರೆ ಎದುರು ಮನೆಯವರದು. ಅವರು ತಂತಿಯ ಮೇಲೆ ಕೆಂಪು ರಗ್ಗು ಒಣಹಾಕಿದರೆ ನನ್ನ ಬಿಳಿ ಕಾಗದ ಗುಲಾಬಿಯಾಗುತ್ತದೆ. ಹಳದಿ ಸೀರೆ ಹಾಕಿದ ದಿನ ಬರೆದ ಮುಖಗಳಿಗೆಲ್ಲ ಕಾಮಾಲೆ. "ಸಾರ್, ನಿಮಗೆ ಸ್ಫೂರ್ತಿ ಎಲ್ಲಿಂದ ಬರುತ್ತೆ?" ಎಂದು ಕಾಲೇಜು ಹುಡುಗರು ಫೋನನ್ನು ಮೂಗಿನ ಮುಂದೆ ಹಿಡಿದು ಕೇಳುತ್ತಾರೆ. ಎದುರು ಮನೆಯ ತಂತಿಯಿಂದ ಎಂದರೆ ನಗುತ್ತಾರೆ. ನಿಸರ್ಗ, ಮೌನ, ಏಕಾಂತ ಎಂದೇನಾದರೂ ಹೇಳಲಿ ಎಂದು ಕಾಯುತ್ತಾರೆ. ಅಷ್ಟರಲ್ಲಿ ಕೆಳಗಿನಿಂದ ಕುಕ್ಕರ್ ಕೂಗಿ ಸಂದರ್ಶನ ಮುಗಿಯುತ್ತದೆ.

ನಿಜ ಹೇಳಬೇಕೆಂದರೆ ನನಗೆ ಬರೆಯಬೇಕೆನಿಸುವುದು ಕಾಗೆಯನ್ನು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಿಟಕಿಯ ಬಳಿ ಕೂತರೆ ಕಾಂಪೌಂಡಿನ ಮೇಲೆ ಎರಡು ಮೂರು ಬಂದು ಕೂರುತ್ತವೆ. ಕಾಗೆ ಕಪ್ಪು ಎನ್ನುವವರು ಕಾಗೆಯನ್ನು ನೋಡಿದವರಲ್ಲ. ನಮ್ಮ ಊರಕಾಗೆಯ ಕತ್ತು ಬೂದಿ ಬಣ್ಣ. ರೆಕ್ಕೆಯ ಮೇಲೆ ಬಿಸಿಲು ಬಿದ್ದರೆ ನೀಲಿ, ನೇರಳೆ, ಒಂದೆಳೆ ಹಸಿರು. ಟ್ಯೂಬಿನಿಂದ ಕಪ್ಪನ್ನು ಹಿಂಡಿ ಹಾಗೇ ಬಳಿದರೆ ಹಕ್ಕಿ ಕಾಗದದ ಮೇಲೇ ಪ್ರಾಣ ಬಿಡುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಅಂಬರ್ ಕಂದು ಬೆರೆಸಿ ಬರುವ ಕಪ್ಪೇ ಬೇಕು. ಇಲ್ಲೇ ಹುಟ್ಟಿ ಬೆಳೆದ ಆರ್.ಕೆ. ಲಕ್ಷ್ಮಣ್ ಹುಡುಗನಾಗಿದ್ದಾಗಿನಿಂದ ಕಾಗೆ ಬರೆದವರು. ದೇಶಕ್ಕೆಲ್ಲ ಶ್ರೀಸಾಮಾನ್ಯನನ್ನು ಕೊಟ್ಟ ಮೇಲೂ ಕಾಗೆಯ ಸಹವಾಸ ಬಿಡಲಿಲ್ಲ. ಹಾಗಾಗಿ ಇದು ನಮ್ಮೂರಿನ ಪರಂಪರೆಯೇ ಎಂದು ನನ್ನ ವಾದ.

ಕೊಳ್ಳುವವರು ಈ ವಾದಕ್ಕೆ ಕಿವಿಗೊಡುವುದಿಲ್ಲ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಗೆ ಒಮ್ಮೆ ಬರೀ ಕಾಗೆಗಳನ್ನೇ ಒಯ್ದಿದ್ದೆ. ರಸ್ತೆಯ ಉದ್ದಕ್ಕೂ ಜನವೋ ಜನ. ಗಂಡ ಹೆಂಡತಿ ಇಬ್ಬರು ಬಹಳ ಹೊತ್ತು ನಿಂತು ನೋಡಿದರು. ಯಜಮಾನರು ಪರ್ಸಿಗೆ ಕೈಯನ್ನೂ ಹಾಕಿದರು. ಆಗ ಆಕೆ, "ಶನಿಯ ವಾಹನಾನ ದುಡ್ಡು ಕೊಟ್ಟು ಯಾರಾದರೂ ಮನೆಗೆ ಕರ್ಕೊಂಡು ಹೋಗ್ತಾರಾ?" ಎಂದರು. ಪರ್ಸು ಒಳಗೆ ಹೋಯಿತು. ಸಂಜೆ ಕಾಗೆಗಳೆಲ್ಲ ಬಾಡಿಗೆ ವ್ಯಾನಿನಲ್ಲಿ ಸುಖವಾಗಿ ಮೈಸೂರಿಗೆ ಮರಳಿದವು. ಶ್ರಾದ್ಧದ ದಿನ ಎಷ್ಟು ಕೂಗಿದರೂ ಬಾರದ ಹಕ್ಕಿ ಮಾರಾಟಕ್ಕಿಟ್ಟರೆ ಬಿಟ್ಟುಹೋಗುವುದೇ ಇಲ್ಲ.

ಆದ್ದರಿಂದ ನನ್ನ ಕಾಗೆಗಳನ್ನು ಬೇರೆಯವರ ಬೇಡಿಕೆಗಳು ಸಾಕಬೇಕಾಗಿದೆ. ಕವನಸಂಕಲನದ ಮುಖಪುಟ ಬೇಕೆಂದು ಬರುವ ಕವಿಗಳು ಅಮೂರ್ತವಾಗಿರಲಿ ಎನ್ನುತ್ತಾರೆ, ಹೋಗುವಾಗ ತಮ್ಮ ಮುಖದ ಫೋಟೋ ಕೊಟ್ಟು ಹೋಗುತ್ತಾರೆ. ಜಗನ್ಮೋಹನ ಅರಮನೆಯ 'ರವಿವರ್ಮನ ದೀಪದ ಮಹಿಳೆ' ಬೇಕು ಎನ್ನುವವರು ವರ್ಷದಲ್ಲಿ ಹಲವರು. ಅದು ರವಿವರ್ಮನದಲ್ಲ, ಸಾವಂತವಾಡಿಯ ಎಸ್.ಎಲ್. ಹಳದಣಕರರದು, ದೀಪ ಹಿಡಿದು ನಿಂತಾಕೆ ಅವರ ಮಗಳೇ, ಅಲ್ಲದೆ ಅದು ಎಣ್ಣೆ ಬಣ್ಣವಲ್ಲ, ಜಲವರ್ಣ ಎಂದು ನಾನು ಪ್ರತಿ ಸಲ ವಿವರಿಸುತ್ತೇನೆ. ಜಲವರ್ಣದಲ್ಲಿ ಬೆಳಕೆಂದರೆ ಬಣ್ಣ ಹಚ್ಚದೆ ಉಳಿಸಿಕೊಂಡ ಕಾಗದ. ಒಮ್ಮೆ ಕಳೆದುಕೊಂಡರೆ ಮತ್ತೆ ತರುವುದು ಕಷ್ಟ. ಬೆರಳ ಸಂದಿಯ ಆ ಕೆಂಪು ಹೊಳಪನ್ನು ನೀರಿನಲ್ಲಿ ಹೇಗೆ ತಂದರೋ ಎಂದು ಅದರ ಮುಂದೆ ನಿಂತಾಗಲೆಲ್ಲ ಹೊಟ್ಟೆಯುರಿಯುತ್ತದೆ. ಬಂದವರು ಎಲ್ಲ ಕೇಳಿಸಿಕೊಂಡು, "ಸರಿ, ಹಾಗಾದ್ರೆ ಆ ರವಿವರ್ಮನ್ದು ಎಷ್ಟಾಗುತ್ತೆ?" ಎನ್ನುತ್ತಾರೆ.

ಇವೆಲ್ಲ ಸಣ್ಣ ಪುಟ್ಟವು. ನಮ್ಮಂಥವರ ಅಕ್ಕಿ ಬೇಳೆ ನಡೆಯುವುದು ಏಳು ಕುದುರೆಗಳಿಂದ. ಹೊಸ ಮನೆ ಕಟ್ಟಿದವರ ಹಾಲಿನಲ್ಲಿ ಏಳು ಬಿಳಿ ಕುದುರೆಗಳು ಓಡುತ್ತಿರಬೇಕು. ಓಡಿದಷ್ಟು ವ್ಯವಹಾರ ಮುಂದಕ್ಕೆ ಹೋಗುತ್ತದೆ ಎಂದು ವಾಸ್ತು ಹೇಳುವವರು ಸಾರಿಬಿಟ್ಟಿದ್ದಾರೆ. ಕಳೆದ ವರ್ಷ ಹಾಗೆ ಬಂದವರು ಜಲ್ಲಿ ಮತ್ತು ಎಂ-ಸ್ಯಾಂಡ್ ವ್ಯಾಪಾರಿ. ಕೂರುವ ಮುಂಚೆಯೇ ಶುರು ಮಾಡಿದರು.

"ಹುಸೇನ್ ಕುದುರೆ ಬೇಡ ಸ್ವಾಮಿ. ಕುದುರೆಯಂಥ ಕುದುರೆ ಬೇಕು. ಆರಲ್ಲ ಎಂಟಲ್ಲ, ಏಳು. ಮುಖ ಮನೆಯೊಳಗೆ ಇರಲಿ, ಬಾಗಿಲ ಕಡೆ ಓಡಿದರೆ ಇರೋ ಲಕ್ಷ್ಮೀನೂ ಎಳ್ಕೊಂಡು ಹೋಗ್ತಾವೆ. ಲಗಾಮು ಬೇಡ. ಸೋಫಾ ಮರೂನು, ನೋಡ್ಕೊಂಡು ಬಣ್ಣ ಹಾಕಿ."

ಮಕ್ಕಳ ಶಾಲೆಯ ಫೀಸು ಕಟ್ಟುವ ತಿಂಗಳು. ನಾನು ಯೋಚಿಸಿ ಹೇಳುತ್ತೇನೆ ಎನ್ನುವಷ್ಟರಲ್ಲಿ ಹೆಂಡತಿ ಮುಂಗಡ ಎಣಿಸಿಕೊಂಡು ಕಾಫಿ ತರಲು ಹೋದಳು.

ಕುದುರೆ ಬರೆಯಲು ಕುದುರೆ ನೋಡಬೇಕಲ್ಲ. ಫೋನಿನಲ್ಲಿ ಹುಡುಕಿದರೆ ಸಿಗುವ ಏಳು ಕುದುರೆಗಳೆಲ್ಲ ಒಂದೇ ಬ್ಯೂಟಿ ಪಾರ್ಲರಿನಿಂದ ಕೂದಲು ಹಾರಿಸಿಕೊಂಡು ಬಂದವು. ಬೇಡವೆಂದು ಸ್ಕೆಚ್ ಪುಸ್ತಕ ಹಿಡಿದು ಅರಮನೆ ಹತ್ತಿರ ಟಾಂಗಾ ನಿಲ್ಲುವಲ್ಲಿಗೆ ಹೋದೆ. ಟಾಂಗಾ ಕುದುರೆಯ ದೊಡ್ಡ ಗುಣವೆಂದರೆ ಅದು ಓಡುವುದಿಲ್ಲ. ಹಿಂಗಾಲೊಂದನ್ನು ಸಡಿಲ ಬಿಟ್ಟು, ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿ ತೂಕಡಿಸುತ್ತದೆ. ಅದರ ಮೂಳೆಯ ಲೆಕ್ಕ ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆಯಿಲ್ಲ.

ನಮ್ಮಲ್ಲಿ ಬೀದಿಯಲ್ಲಿ ಕೂತು ಚಿತ್ರ ಬರೆಯುವವನು ಒಬ್ಬನೇ ಇರಲು ಸಾಧ್ಯವಿಲ್ಲ. ಮೂರನೆಯ ಗೆರೆ ಎಳೆಯುವಷ್ಟರಲ್ಲಿ ಬೆನ್ನ ಹಿಂದೆ ಕಡಲೆಕಾಯಿಯ ವಾಸನೆ. ಐದನೆಯ ಗೆರೆಗೆ ಯಾರದೋ ಗದ್ದ ಭುಜದ ಮೇಲೆ. ಪತ್ರಿಕೆಗಳ ಕಲಾವಿಮರ್ಶಕರು ನನ್ನ ಬಗ್ಗೆ ಬರೆದದ್ದು ಕಡಿಮೆ, ಬರೆದದ್ದು ಅರ್ಥವಾದದ್ದು ಇನ್ನೂ ಕಡಿಮೆ. ಬೆನ್ನ ಹಿಂದಿನವರದು ಹಾಗಲ್ಲ. ಯೂನಿಫಾರ್ಮಿನ ಹುಡುಗನೊಬ್ಬ ನೇರವಾಗಿ, "ಅಂಕಲ್, ಹಿಂದಿನ ಮೊಣಕಾಲು ಉಲ್ಟಾ ಬರ್ದಿದೀರ" ಎಂದ. ಅದು ಮೊಣಕಾಲಲ್ಲಪ್ಪ, ಹಿಮ್ಮಡಿ. ನಿಜವಾದ ಮೊಣಕಾಲು ಮೇಲೆ ಹೊಟ್ಟೆಯ ಹತ್ತಿರ ಇದೆ, ಕುದುರೆ ನಿಂತಿರುವುದೇ ಒಂದೊಂದು ಬೆರಳ ಉಗುರಿನ ಮೇಲೆ ಎಂದೆ. ಅವನು ಕುದುರೆಯನ್ನೊಮ್ಮೆ ಕನಿಕರದಿಂದ ನೋಡಿ, "ಹಾಗಾದ್ರೆ ಅದು ಯಾವಾಗ್ಲೂ ಹೈ ಹೀಲ್ಸ್ ಹಾಕ್ಕೊಂಡಿರುತ್ತಾ?" ಎಂದ. ಪ್ರಾಣಿಯ ದೇಹರಚನೆಯ ಪಾಠವನ್ನು ಇಷ್ಟು ಚೊಕ್ಕವಾಗಿ ನನಗಂತೂ ಯಾರೂ ಹೇಳಿರಲಿಲ್ಲ.

ಟಾಂಗಾದ ಯಜಮಾನರು ಬೀಡಿ ಆರಿಸಿ ಹತ್ತಿರ ಬಂದರು. ಓಡುವ ಕುದುರೆ ಬರೆಯಬೇಕು ಎಂದೆ. "ಕಾಲು ಯಾರ್ ನೋಡ್ತಾರೆ ಸ್ವಾಮಿ? ಓಡೋದು ಗೊತ್ತಾಗೋದು ಕಿವೀಲಿ. ಕಿವಿ ಹಿಂದಕ್ಕೆ ಮಲಗಿಸಿ, ತಾನೇ ಓಡುತ್ತೆ." ಪುಸ್ತಕದಲ್ಲಿ ನಿಂತು ತೂಕಡಿಸುತ್ತಿದ್ದ ಕುದುರೆಯ ಕಿವಿಯನ್ನು ಅಳಿಸಿ ಹಿಂದಕ್ಕೆ ಮಲಗಿಸಿದೆ. ತಕ್ಷಣ ಅದಕ್ಕೆ ಎಲ್ಲಿಗೋ ತಡವಾದಂತೆ ಕಂಡಿತು.

ಓಟದ ಕಾಲಿನ ವಿಚಾರದಲ್ಲಿ ಚಿತ್ರಕಾರರ ಚರಿತ್ರೆ ಅಷ್ಟೇನೂ ಹೇಳಿಕೊಳ್ಳುವಂಥದಲ್ಲ. ಮುಂಗಾಲೆರಡು ಮುಂದಕ್ಕೆ, ಹಿಂಗಾಲೆರಡು ಹಿಂದಕ್ಕೆ ಚಾಚಿ ಕುದುರೆ ಗಾಳಿಯಲ್ಲಿ ತೇಲುವಂತೆ ಶತಮಾನಗಳ ಕಾಲ ಬರೆದರು. ಫ್ರಾನ್ಸಿನ ಜೆರಿಕೊ 1821ರಲ್ಲಿ ಬರೆದ ಎಪ್ಸಮ್ ಕುದುರೆ ಜೂಜಿನ ಪ್ರಸಿದ್ಧ ಚಿತ್ರದಲ್ಲೂ ಹಾಗೇ. 1878ರಲ್ಲಿ ಮೈಬ್ರಿಜ್ ಎಂಬಾತ ಕ್ಯಾಲಿಫೋರ್ನಿಯಾದಲ್ಲಿ ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು ಓಡುವ ಕುದುರೆಯ ಫೋಟೋ ತೆಗೆದ. ನಾಲ್ಕೂ ಕಾಲು ನೆಲ ಬಿಡುವುದು ನಿಜ, ಆದರೆ ಚಾಚಿದಾಗಲ್ಲ, ಹೊಟ್ಟೆಯಡಿ ಮಡಚಿಕೊಂಡಾಗ ಎಂದು ಗೊತ್ತಾಯಿತು. ಈ ಸಂಗತಿಯನ್ನು ಉತ್ಸಾಹದಿಂದ ಜಲ್ಲಿ ವ್ಯಾಪಾರಿಗೆ ಫೋನಿನಲ್ಲಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಲಾರಿಯ ಸದ್ದು ಮಾತ್ರ ಕೇಳಿಸಿತು.

"ಮಡಚಬೇಡಿ. ಕಾಲು ಮಡಚಿದರೆ ವ್ಯಾಪಾರ ಮಡಚಿದ ಹಾಗೆ. ಚಾಚಿಸಿ."

ಚಾಚಿಸಿದೆ. ಏಳು ಕುದುರೆ ಒತ್ತೊತ್ತಾಗಿ ಚಾಚಿದರೆ ಕ್ಯಾನ್ವಾಸಿನ ಕೆಳಭಾಗವೆಲ್ಲ ಕಾಲುಗಳ ಕಾಡಾಗುತ್ತದೆ. ಯಾವುದು ಯಾರದೆಂದು ಕುದುರೆಗೂ ತಿಳಿಯುವುದಿಲ್ಲ. ಇದಕ್ಕೆ ನಮ್ಮ ವೃತ್ತಿಯಲ್ಲಿ ಹಳೆಯ ಔಷಧವಿದೆ: ಧೂಳು. ಯೆಲ್ಲೋ ಆಕರ್, ರಾ ಅಂಬರ್, ಬಿಳಿ ಮೂರನ್ನೂ ಬೆರೆಸಿ, ಒಣಗಿದ ಕುಂಚದಲ್ಲಿ ತಿಕ್ಕಿದರೆ ಏಳುವ ಧೂಳಿನಲ್ಲಿ ಎಂಥ ಕಾಲೂ ಮುಳುಗುತ್ತದೆ. ಅಗ್ಗದ ಬಣ್ಣಗಳು, ವೇಗದ ಭ್ರಮೆ ಬೇರೆ. ನನಗಿಂತ ಕಷ್ಟದಲ್ಲಿದ್ದವರು ಹೊಯ್ಸಳ ಶಿಲ್ಪಿಗಳು. ಸೋಮನಾಥಪುರದ ಗುಡಿಯ ಬುಡದಲ್ಲಿ ಆನೆಗಳ ಸಾಲಿನ ಮೇಲೆ ರಾವುತರ ಸಾಲು ಓಡುತ್ತದೆ, ನೋಡಿದ್ದೀರಲ್ಲ. ಕಲ್ಲಿನಲ್ಲಿ ಧೂಳೆಬ್ಬಿಸುವಂತಿಲ್ಲ. ಕುದುರೆಗೆ ಕಾಲು ಕೆತ್ತಲೇಬೇಕು. ಅಲ್ಲಿನ ಮಲ್ಲಿತಮ್ಮ ತಾನು ಕಡೆದ ಮೂರ್ತಿಗಳ ಕೆಳಗೆ ಹೆಸರು ಕೆತ್ತಿಟ್ಟದ್ದು ಪೂರ್ತಿ ನ್ಯಾಯ. ನಾನು ನನ್ನ ಸಹಿಯನ್ನು ಧೂಳಿನಲ್ಲೇ ಹಾಕಿದೆ.

ಚಿತ್ರ ಒಣಗುವುದೇ ಒಂದು ಕಥೆ. ಎಣ್ಣೆ ಬಣ್ಣ ಬಟ್ಟೆಯ ಹಾಗೆ ಆರುವುದಿಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ನಿಧಾನ ಗಟ್ಟಿಯಾಗಬೇಕು. ಗೃಹಪ್ರವೇಶದ ಮುಹೂರ್ತಕ್ಕೆ ಈ ರಸಾಯನಶಾಸ್ತ್ರ ತಿಳಿದಿರಲಿಲ್ಲ. ಟರ್ಪೆಂಟೈನ್ ಪರಿಮಳದ ಸಮೇತ ಕುದುರೆಗಳು ಹೋಮದ ಹೊಗೆಯೊಳಗೆ ಪ್ರವೇಶ ಮಾಡಿದವು. ಮುಖ ಮನೆಯ ಒಳಗೇ ಇತ್ತು. ಸೋಫಾಕ್ಕೂ ಹೊಂದಿತು. ನೆಂಟರು ಫೋಟೋ ತೆಗೆದುಕೊಂಡರು. ಹೋಳಿಗೆ ಮುಗಿಸಿ ಕೈತೊಳೆದು ಬಂದರೆ ಯಜಮಾನರು ಚಿತ್ರದ ಮುಂದೆ ಬಗ್ಗಿ ಬೆರಳು ಮಡಚುತ್ತಿದ್ದಾರೆ.

"ಏಳ್ ನಾಕ್ಲಿ ಇಪ್ಪತ್ತೆಂಟು. ಇಲ್ಲಿರೋದು ಹತ್ತೊಂಬತ್ತು."

"ಉಳಿದವು ಧೂಳಿನಲ್ಲಿವೆ" ಎಂದೆ.

"ನಾನು ಲೋಡ್ ಅಳೆಯೋನು ಸ್ವಾಮಿ. ಲಾರಿಯಲ್ಲಿ ಒಂದಡಿ ಕಮ್ಮಿ ಇದ್ದರೆ, ಉಳಿದದ್ದು ಧೂಳಲ್ಲಿದೆ ಅಂದರೆ ಕಂಟ್ರಾಕ್ಟರು ಬಿಡ್ತಾನಾ? ಒಂಬತ್ತು ಕಾಲಿನ ದುಡ್ಡು ಹಿಡ್ಕೋಬೇಕಾಗುತ್ತೆ."

ನಾನು ಜೆರಿಕೊ, ಮೈಬ್ರಿಜ್ ಎಲ್ಲರನ್ನೂ ಕರೆದೆ. ಯಾರೂ ನೆರವಿಗೆ ಬರಲಿಲ್ಲ. ಆಗ ಮೂಲೆಯಲ್ಲಿ ಕೂತು ಹೂ ಕಟ್ಟುತ್ತಿದ್ದ ಅವರ ತಾಯಿ ತಲೆಯೆತ್ತದೆ, "ಸೂರ್ಯದೇವರ ರಥ ಹೊಡೆಯೋ ಅರುಣನಿಗೇ ತೊಡೆ ಇಲ್ಲ, ರಥಕ್ಕೆ ಇರೋದು ಒಂದೇ ಚಕ್ರ. ದಿನಾ ಹೊತ್ತಿಗೆ ಸರಿಯಾಗಿ ಬರ್ತಾ ಇಲ್ವಾ? ನಿನ್ನ ಲಾರಿಗಳಿಗೆ ಹತ್ತತ್ತು ಚಕ್ರ ಇದಾವೆ, ಯಾವತ್ತು ಹೊತ್ತಿಗೆ ಬಂದಿದಾವೆ?" ಎಂದರು. ಹಾಲಿನಲ್ಲಿದ್ದವರೆಲ್ಲ ನಕ್ಕರು, ಪುರೋಹಿತರು ಸ್ವಲ್ಪ ಹೆಚ್ಚಾಗಿಯೇ. ಬೆನ್ನ ಹಿಂದಿನ ವಿಮರ್ಶಕರ ಮೇಲೆ ನನಗಿರುವ ಭಕ್ತಿ ಅಂದು ಇಮ್ಮಡಿಯಾಯಿತು.

ತಾಯಿಯ ಮಾತಿಗೆ ಮಗ ಎದುರಾಡಲಿಲ್ಲ. ಕಡಿತದ ಮಾತು ಕೈಬಿಟ್ಟರು. ಬಾಕಿ ಹಣ ಕೇಳಿದ್ದಕ್ಕೆ ಮಾತ್ರ ಹೆಗಲ ಮೇಲೆ ಕೈಹಾಕಿ ಗೇಟಿನವರೆಗೆ ಕಳಿಸಿಕೊಟ್ಟು, "ಕೊಡೋಣ ಸ್ವಾಮಿ, ಧೂಳು ಇಳಿಯಲಿ" ಎಂದರು.

ಇನ್ನೂ ಇಳಿದಿಲ್ಲ. ಈ ನಡುವೆ ಅವರ ಭಾವಮೈದುನರು ಬಂದು ಗಜೇಂದ್ರಮೋಕ್ಷ ಬೇಕು ಎಂದಿದ್ದಾರೆ. ಆನೆ ಹೊಟ್ಟೆಯವರೆಗೂ ಮಡುವಿನಲ್ಲಿ; ಒಂದು ಕಾಲು ಮೊಸಳೆಯ ಬಾಯಲ್ಲಿ, ಮೂರು ಕೆಸರಿನಲ್ಲಿ, ಎಲ್ಲವೂ ಭಾಗವತದಲ್ಲಿ ಇರುವಂತೆಯೇ. ಹೆಂಡತಿ ಈ ಸಲ ಪೂರ್ತಿ ಹಣ ಮೊದಲೇ ಎಣಿಸಿಕೊಂಡಿದ್ದಾಳೆ. ಎದುರು ಮನೆಯವರು ತಂತಿಯ ಮೇಲೆ ಹಸಿರು ಜಮಖಾನ ಒಣಹಾಕಿದ್ದಾರೆ. ನೀರಿನ ಕೆಲಸಕ್ಕೆ ಇವತ್ತೇ ಕೂರಬೇಕು.