ಇಂಬಳಕ್ಕೆ ಗಡೀಪಾರು

ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ವಯನಾಡಿನ ಕಾಡಿಗೆ ಹೊರಡುವ ಬೆಂಗಳೂರಿನ ಅಪ್ಪ-ಅಮ್ಮಂದಿರ ಚೀಲದಲ್ಲಿ ಡೈಪರಿಗಿಂತ ಮೊದಲು ಜಾಗ ಹಿಡಿಯುವುದು ಉಪ್ಪು, ಸುಣ್ಣ, ನಶ್ಯ. ಎಲ್ಲವೂ ಇಂಬಳದ ಸ್ವಾಗತಕ್ಕೆ. ಅಲ್ಲಿನ ಪುಲ್ಪಳ್ಳಿ ಎಂಬ ಊರಿನವರು ಈ ಸಿದ್ಧತೆ ಕಂಡರೆ ನಗಬೇಕು.

ಸೀತೆ ಲವಕುಶರನ್ನು ಸಾಕಿದ್ದು ಇಲ್ಲೇ ಎಂಬುದು ಸ್ಥಳೀಯರ ನಂಬಿಕೆ. ಅಯೋಧ್ಯೆ ಎಲ್ಲೋ, ಅಜ್ಜಿಯರ ನೆರವಿಲ್ಲ, ಮಡಿಲಲ್ಲಿ ಅವಳಿ ಗಂಡುಮಕ್ಕಳು! ಅಂಥದ್ದರಲ್ಲಿ ಇಂಬಳವೂ ಮಕ್ಕಳಿಗೆ ಕಚ್ಚಿದ್ದೇ ತಡ, ಆ ತಾಯಿ ಶಪಿಸಿ ಇಡೀ ಕುಲವನ್ನೇ ಊರಾಚೆ ಅಟ್ಟಿದಳಂತೆ. ವಯನಾಡಿನ ಉಳಿದೆಡೆ ಧಾರಾಳವಾಗಿರುವ ಇಂಬಳ ಪುಲ್ಪಳ್ಳಿಯಲ್ಲಿ ಕಾಣದಿರುವುದು ಅದಕ್ಕೇ ಎನ್ನುತ್ತಾರೆ. ಉಪ್ಪಿನ ಪೊಟ್ಟಣ ಎಸೆಯುವ ಮುನ್ನ ಶಾಪದ ಸರಹದ್ದು ಎಲ್ಲಿಯವರೆಗೆ ಎಂದು ಕೇಳಿಕೊಳ್ಳುವುದು ಮೇಲು.

ಊರಿನಲ್ಲಿ ಸೀತೆ, ಲವಕುಶರ ದೇವಸ್ಥಾನವಿದೆ. ಯಾಗದ ಕುದುರೆಯನ್ನೇ ಕಟ್ಟಿಹಾಕಿದ ಹುಡುಗರ ಕಥೆಯನ್ನು ಅಲ್ಲಿ ಮಕ್ಕಳಿಗೆ ಹೇಳುವುದು ಅಪಾಯ. ಹೊರಗೆ ಮೇಯುವ ಹಸುವಿನ ಹಗ್ಗಕ್ಕೆ ಆಗಲೇ ಕೈ ಹೋಗಿರುತ್ತದೆ.

ಸಾಹಸ ಸಾಲದೆಂದರೆ ಕಬಿನಿಯ ನಡುವೆ ಸುಮಾರು 950 ಎಕರೆಯ ಕುರುವ ದ್ವೀಪ. ಮಳೆಗಾಲದಲ್ಲಿ ಅದಕ್ಕೆ ಬೀಗ.

ವಿದೇಶ ನೋಡುವ ಹಟವಿದ್ದರೆ ಪೆರಿಕ್ಕಲ್ಲೂರು ಕಡವು ಇದೆ. ದೋಣಿ ಹತ್ತಿದರೆ ಎದುರು ದಡ ಎಚ್.ಡಿ. ಕೋಟೆ ತಾಲ್ಲೂಕಿನ ಬೈರಕುಪ್ಪೆ! ವೀಸಾ ಬೇಡ.

ಬಾವಲಿ ದಾರಿಯಲ್ಲಿ ಮೈಸೂರಿಗೆ ಮರಳುವವರು ಗಡಿಯಾರ ನೋಡಿಕೊಳ್ಳಬೇಕು; ನಾಗರಹೊಳೆ ಕಾಡಿನೊಳಗಿನ ಆ ರಸ್ತೆಗೆ ರಾತ್ರಿ ಸಂಚಾರ ನಿಷೇಧ. ಅಪ್ಪ ಓಡೋಡಿ ಗೇಟು ದಾಟಿಸುತ್ತಾನೆ. ಹಿಂದಿನ ಸೀಟಿನಿಂದ 'ಅಪ್ಪಾ, ಒಂದಕ್ಕೆ' ಎಂಬ ಕೂಗು ಬರುವುದು ಇಳಿಯಬಾರದ ನಟ್ಟಡವಿಯಲ್ಲೇ.