ಜೀಪಸಂಹಿತೆ: ಡೊಂಬಿವಲಿ ಪ್ರತಿಗೆ ಸಂಪಾದಕನ ಪ್ರಸ್ತಾವನೆ

ಪ್ರಾಚೀನ ಕೃತಿಯನ್ನು ಸಂಪಾದಿಸುವವನು ಮೊದಲು ಪ್ರತಿಯ ವಿವರ ಕೊಡಬೇಕೆಂಬುದು ಹಿರಿಯ ಪಂಡಿತರು ಹಾಕಿಕೊಟ್ಟ ಕ್ರಮ. ಪ್ರಸ್ತುತ ಕೃತಿ ಮಹೀಂದ್ರ ಎಂಎಂ 540 ಎಂಬ ಜೀಪು. ಉಪಲಬ್ಧ ಪ್ರತಿ ಒಂದೇ. ಅದು ಡೊಂಬಿವಲಿ ಪೂರ್ವದ ಒಂದು ಹೌಸಿಂಗ್ ಸೊಸೈಟಿಯ ಕಾಂಪೌಂಡಿನಲ್ಲಿ, ನೀರಿನ ಟಾಂಕಿಗೂ ಗಣಪತಿ ಮಂಟಪದ ಬಿದಿರಿಗೂ ನಡುವೆ, ತಾಡಪತ್ರಿ ಹೊದ್ದುಕೊಂಡು ಮಲಗಿದೆ. ಆದಿಯಲ್ಲಿ ಬಂಪರು ಇಲ್ಲ, ಅಂತ್ಯದಲ್ಲಿ ಸ್ಟೆಪ್ನಿ ಇಲ್ಲ. ಆದ್ದರಿಂದ ಆದ್ಯಂತ ತ್ರುಟಿತ. ನಡುವಣ ಕೆಲವು ಭಾಗಗಳನ್ನು ತುಕ್ಕು ತಿಂದಿದೆ. ಠಾಣೆ ಖಾಡಿಯ ಉಪ್ಪುಗಾಳಿ ಇರುವಲ್ಲಿ ಗೆದ್ದಲಿಗೆ ಕೆಲಸ ಉಳಿಯುವುದಿಲ್ಲ. ಎಡಬದಿಯಲ್ಲಿ ದೇವನಾಗರಿಯಲ್ಲಿ ‘ಆಯಿಚಾ ಆಶೀರ್ವಾದ’, ಬಲಬದಿಯಲ್ಲಿ ಕನ್ನಡದಲ್ಲಿ ‘ಶ್ರೀ ಮಂಜುನಾಥ ಪ್ರಸನ್ನ’ ಎಂದಿದೆ. ಎರಡರಲ್ಲಿ ಯಾವುದು ಪೂರ್ವದ್ದು ಎಂಬುದನ್ನು ಸೊಸೈಟಿಯ ವಾರ್ಷಿಕ ಸಭೆ ಇನ್ನೂ ತೀರ್ಮಾನಿಸಿಲ್ಲ.

ಕೃತಿಯ ಹಕ್ಕುದಾರರು ಕಾರ್ಕಳದ ಕಡೆಯ ಒಬ್ಬ ಶೆಟ್ರು. ಎಂಐಡಿಸಿಯಲ್ಲಿ ಕ್ಯಾಂಟೀನು ನಡೆಸುತ್ತಾರೆ. ಸಂಪಾದನಕಾರ್ಯಕ್ಕೆ ಅವರು ಮಂಜೂರು ಮಾಡಿದ ಹಣ ಎಷ್ಟೆಂದು ಹೇಳಿದರೆ ವಿದ್ವತ್ತಿಗೇ ಅವಮಾನ.

ಈಗ ಪ್ರತಿಗಳ ವಂಶಾವಳಿ. ಮೂಲಪ್ರತಿ ಅಮೆರಿಕದ ಒಹಾಯೊ ರಾಜ್ಯದ ಟೊಲೆಡೊದಲ್ಲಿ 1941ರಿಂದ 1945ರವರೆಗೆ ತಯಾರಾದ ವಿಲ್ಲೀಸ್ ಎಂಬಿ. ಅದರ ಸಂತತಿಯನ್ನು 1947ರಲ್ಲಿ ಬಿಡಿಭಾಗಗಳಾಗಿ ಮುಂಬಯಿಗೆ ತರಿಸಿ ಜೋಡಿಸತೊಡಗಿದವರು ಮಹೀಂದ್ರ ಕಂಪನಿಯವರು. ಕಂಪನಿ ಹುಟ್ಟಿದ್ದು 1945ರಲ್ಲಿ, ಮಹೀಂದ್ರ ಆ್ಯಂಡ್ ಮೊಹಮ್ಮದ್ ಎಂಬ ಹೆಸರಿನಲ್ಲಿ. ಆ ಮೊಹಮ್ಮದರು ದೇಶ ಇಬ್ಭಾಗವಾದಾಗ ಪಾಕಿಸ್ತಾನದ ಮೊದಲ ಅರ್ಥಸಚಿವರಾಗಿ ಹೋದರು. ಜೀಪು ಇಲ್ಲೇ ಉಳಿಯಿತು.

ಸಂಪಾದಕನ ತಲೆನೋವು ಮೊದಲಾಗುವುದು ಇಲ್ಲಿಂದ. ಎರಡನೇ ಮಹಾಯುದ್ಧದಲ್ಲಿ ಕಲ್ಯಾಣದ ಪಕ್ಕ (ಇದು ಬಸವಣ್ಣನವರ ಕಲ್ಯಾಣವಲ್ಲ, ಸೆಂಟ್ರಲ್ ರೈಲ್ವೆಯ ಜಂಕ್ಷನ್) ಸೈನಿಕರ ಬೀಡು ಇತ್ತು. ದೇಶವಿಭಜನೆಯ ನಂತರ ಸಿಂಧಿ ನಿರಾಶ್ರಿತರು ಅದರ ಬ್ಯಾರಕುಗಳಿಗೆ ಬಂದರು. 1949ರಲ್ಲಿ ಆ ಬೀಡು ಉಲ್ಹಾಸನಗರವಾಯಿತು. ಅಲ್ಲಿ ತಯಾರಾಗದ ವಸ್ತುವಿಲ್ಲ. ಅಲ್ಲಿಯ ಮಾಲಿನ ಮೇಲೆ ‘ಮೇಡ್ ಇನ್ ಯುಎಸ್‌ಎ’ ಎಂದಿದ್ದರೆ ಅದು ಉಲ್ಹಾಸನಗರ ಸಿಂಧಿ ಅಸೋಸಿಯೇಶನ್ ಎಂಬುದು ಈ ಸೀಮೆಯ ಹಳೆಯ ತಮಾಷೆ. ಪಾಠಸಂಶೋಧಕನಿಗೆ ಇದು ತಮಾಷೆಯಲ್ಲ. ಶೆಟ್ರ ಜೀಪಿನ ಒಂದು ಕಬ್ಬಿಣದ ತುಂಡಿನ ಮೇಲೆ ಆ ಮೂರು ಅಕ್ಷರಗಳಿವೆ. ಅದು ಟೊಲೆಡೊದಿಂದ ಸಮುದ್ರ ದಾಟಿ ಬಂತೋ, ಡೊಂಬಿವಲಿಯಿಂದ ನಾಲ್ಕನೇ ಸ್ಟೇಶನ್ನಿನಿಂದ ಲೋಕಲ್ಲಿನ ಲಗೇಜ್ ಡಬ್ಬಿಯಲ್ಲಿ ಬಂತೋ ಹೇಳುವವರಾರು?

ಎಂಜಿನ್ನಿನದು ಬೇರೆ ಗೋತ್ರ. ಅದು ಫ್ರೆಂಚ್ ಪೂಜೋ ಮನೆತನದ ಎಕ್ಸ್‌ಡಿಪಿ 4.90, 2112 ಸಿಸಿ ಡೀಸೆಲ್. ಮುಂಜಾನೆ ಹೀಟರ್ ಪ್ಲಗ್ ಕಾಯುವ ತನಕ ತಾನೂ ಕಾಯಿಸುವ ಸ್ವಭಾವ. 1990ರ ದಶಕದಲ್ಲಿ ಕಲ್ಯಾಣದಲ್ಲೇ ಪಾಲ್-ಪೂಜೋ ಕಂಪನಿ 309 ಎಂಬ ಕಾರು ತಯಾರಿಸುತ್ತಿತ್ತು. ಆದ್ದರಿಂದ ಇದರ ಬಿಡಿಭಾಗ ಊರಿನಲ್ಲೇ ಸಿಗುತ್ತದೆಂದು ಕೆಲವು ಪೂರ್ವಸೂರಿಗಳು ವಾದಿಸಿದ್ದಾರೆ. ಇದು ಹೆಸರನ್ನು ನೋಡಿ ಹೂಡಿದ ವಾದ. 309ರ ಎಂಜಿನ್ನು ಬೇರೆ ಕುಲದ್ದು. ಎರಡಕ್ಕೂ ಸಮಾನವಾದದ್ದು ಬ್ಯಾಡ್ಜಿನ ಸಿಂಹ ಮಾತ್ರ.

ಹೀಗಾಗಿ ಕೃತಿಯ ಛಂದಸ್ಸೂ ಮಿಶ್ರ. ಚಾಸಿಸ್ ಅಮೆರಿಕದ ಇಂಚಿನಲ್ಲಿ, ಎಂಜಿನ್ನು ಫ್ರಾನ್ಸಿನ ಮಿಲಿಮೀಟರಿನಲ್ಲಿ ರಚಿತ. ಇದು ಶುದ್ಧ ಚಂಪೂ. ಪಾನಾಸೆಟ್ಟು ಎರಡು ಬೇಕು. ಮುಕ್ಕಾಲಿಂಚಿನ ಪಾನಾ 19ರ ನಟ್ಟಿಗೆ ಕೂರುತ್ತದೆ. ಆ ಧೈರ್ಯದ ಮೇಲೆ ಅರ್ಧ ಇಂಚಿನ ನಟ್ಟಿಗೆ 13ರ ಪಾನಾ ಹಾಕಿದರೆ 0.3 ಮಿಲಿಮೀಟರ್ ಸಡಿಲ ಉಳಿದು ನಟ್ಟಿನ ಮೂಲೆಗಳು ಸವೆದು ದುಂಡಗಾಗುತ್ತವೆ. ಅನಂತರ ಛೇಣಿ ಸುತ್ತಿಗೆಯೇ ಗತಿ.

ಕ್ಲಿಷ್ಟಪಾಠವೇ ಪ್ರಾಚೀನಪಾಠ ಎಂಬ ಗ್ರಂಥಸಂಪಾದನೆಯ ಸೂತ್ರ ಅತ್ಯಂತ ಚೊಕ್ಕವಾಗಿ ಸಿದ್ಧವಾಗಿರುವುದು ಜೀಪಿನಲ್ಲಿ. ಸಲೀಸಾಗಿ ಬಿಚ್ಚಿಕೊಳ್ಳುವ ಬೋಲ್ಟನ್ನು ಹಿಂದೆ ಯಾರೋ ಬಿಚ್ಚಿದ್ದಾರೆ, ಅದು ಪ್ರಕ್ಷಿಪ್ತ. ಡೀಸೆಲ್ ಸುರಿದು ರಾತ್ರಿಯಿಡೀ ನೆನೆಸಿ, ಪಾನಾದ ಹಿಡಿಗೆ ಪೈಪು ಸಿಕ್ಕಿಸಿ, ಇಬ್ಬರು ಜಗ್ಗಿದರೂ ಅಲುಗದ ಬೋಲ್ಟು ನಿಸ್ಸಂಶಯವಾಗಿ ಕವಿಕೃತ. ಅದು ಕೊನೆಗೆ ತುಂಡಾಗುತ್ತದೆಂಬುದು ನಿಜ. ಮೂಲಪಾಠ ಕೈಗೆ ಸಿಕ್ಕುವ ಗಳಿಗೆಯಲ್ಲೇ ನಾಶವಾಗುವುದು ಈ ಶಾಸ್ತ್ರದ ದೌರ್ಭಾಗ್ಯ.

ವ್ಯಾಖ್ಯಾನಕಾರರಲ್ಲಿ ಶೀಳ್‌ಫಾಟಾ ರಸ್ತೆಯ ಉಸ್ತಾದರು ಅಗ್ರಗಣ್ಯರು. ಅವರ ಭಾಷ್ಯ ಸಂಕ್ಷಿಪ್ತ: ‘ಚಲೇಗಾ’. ತುಕ್ಕು ತಿಂದ ಮಡ್‌ಗಾರ್ಡಿಗೂ ಸೋರುವ ರೇಡಿಯೇಟರಿಗೂ ಅದೇ. ಬಿಡಿಭಾಗಗಳನ್ನು ಅವರು ಕಂಪನಿ ಮಾಲ್, ಲೋಕಲ್, ಸೆಕೆಂಡ್ ಎಂದು ಮೂರಾಗಿ ವಿಂಗಡಿಸುತ್ತಾರೆ. ಮೂರೂ ಬರುವುದು ಕುರ್ಲಾದ ಒಂದೇ ಗಲ್ಲಿಯಿಂದ ಎಂಬುದು ನನ್ನ ಗುಮಾನಿ. ಹರಿಯಾಣ-ಪಂಜಾಬಿನ ಗಡಿಯ ಮಂಡಿ ಡಬ್ವಾಲಿಯ ಪಂಥ ಇನ್ನೂ ಉಗ್ರ. ಅಲ್ಲಿ ಹರಾಜಿನ ಗುಜರಿಯಿಂದ ಇಡೀ ಜೀಪನ್ನೇ ಹೊಸದಾಗಿ ಕಟ್ಟಿ ಕೊಡುತ್ತಾರೆ. ಪ್ರಕ್ಷೇಪವೇ ಕಾವ್ಯವಾದರೆ ಸಂಪಾದಕನಿಗೆ ಏನು ಕೆಲಸ?

ಎತ್ತರದ ಪ್ರಶ್ನೆಯಲ್ಲಿ ನಮ್ಮ ಪಾಠ ಭ್ರಷ್ಟವಾಗಿದೆ. ಹಿಂದಿನ ಲಿಪಿಕಾರನೊಬ್ಬ ಜೀಪು ಗತ್ತಿನಿಂದ ಕಾಣಲೆಂದು ಕಮಾನ್ ಪಟ್ಟಾಗಳಿಗೆ ಉದ್ದದ ಶಾಕಲ್ ಹಾಕಿದ್ದಾನೆ. ಶಾಕಲ್ಲು ಎರಡಿಂಚು ಉದ್ದವಾದರೆ ಗಾಡಿ ಏರುವುದು ಸುಮಾರು ಒಂದೇ ಇಂಚು, ಏಕೆಂದರೆ ಪಟ್ಟಾದ ಇನ್ನೊಂದು ತುದಿ ಇದ್ದಲ್ಲೇ ಇರುತ್ತದೆ. ಜತೆಗೆ ಮುಂದಿನ ಆಕ್ಸಲ್ಲಿನ ಕ್ಯಾಸ್ಟರ್ ಕೋನ ತಪ್ಪಿ ಸ್ಟಿಯರಿಂಗು ತನ್ನಿಚ್ಛೆಯಂತೆ ಅಲೆಯುತ್ತದೆ. ಕಿಂಗ್‌ಪಿನ್ ಬೇರಿಂಗೂ ಟೈರಾಡಿನ ತುದಿಗಳೂ ಸವೆದಿದ್ದರೆ ಮುಂಬ್ರಾ ಬೈಪಾಸಿನಲ್ಲಿ ಇಡೀ ಗಾಡಿ ಮೈಮೇಲೆ ದೈವ ಬಂದಂತೆ ನಡುಗುತ್ತದೆ. ಡ್ಯಾಂಪರ್ ಹಾಕಿದರೆ ನಡುಕ ಅಡಗುತ್ತದೆ, ರೋಗ ಹೋಗುವುದಿಲ್ಲ.

ಸ್ನಾರ್ಕೆಲ್ ಎಂಬ ಸೊಂಡಿಲಿನ ವಿಚಾರದಲ್ಲಿ ಪೂರ್ವಪಕ್ಷ ಪ್ರಬಲವಾಗಿದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು, ಉಲ್ಹಾಸ್ ನದಿ ಊರುಗಳೊಳಗೆ ನುಗ್ಗಿತು; ಆದ್ದರಿಂದ ಕಲ್ಯಾಣದವನಿಗೆ ಸೊಂಡಿಲು ಬೇಕೇ ಬೇಕು ಎನ್ನುತ್ತಾರೆ. ಸಿದ್ಧಾಂತ: ಸೊಂಡಿಲು ಎಂಜಿನ್ನಿನ ಉಸಿರನ್ನಷ್ಟೇ ಕಾಯುತ್ತದೆ. ಬಿಸಿಯಾದ ಡಿಫರೆನ್ಶಿಯಲ್ ತಣ್ಣೀರಿಗಿಳಿದರೆ ಒಳಗಿನ ಗಾಳಿ ಕುಗ್ಗಿ, ಬ್ರೀದರಿನ ಸಣ್ಣ ತೂತಿನಿಂದ ನೀರನ್ನು ಹೀರುತ್ತದೆ, ಆಯಿಲ್ಲು ಮಜ್ಜಿಗೆಯಂತಾಗುತ್ತದೆ. ಬ್ರೀದರಿಗೆ ರಬ್ಬರ್ ನಳಿಗೆ ಸಿಕ್ಕಿಸಿ ಮೇಲಕ್ಕೆ ಒಯ್ಯುವುದು ಅಗ್ಗದ ಕೆಲಸ. ಹೊರಗೆ ಕಾಣದ್ದರಿಂದ ಯಾರೂ ಮಾಡಿಸುವುದಿಲ್ಲ.

ಜಿಪ್ಸಿಯ ಅಭಿಮಾನಿಗಳಿಗೂ ಒಂದು ಮಾತು. 1985ರಲ್ಲಿ ಬಂದ ಈ ಮಾರುತಿ ಶಾಖೆ ಹಗುರ, ಚುರುಕು. ಆದರೆ ಪ್ರತಿಗಳೆಲ್ಲ ದಪ್ಪ ಟೈರಿನಿಂದ ಕೆಟ್ಟಿವೆ. 205/70 ಆರ್15 ತೆಗೆದು 235/75 ಆರ್15 ಹಾಕಿದರೆ ಚಕ್ರದ ವ್ಯಾಸ ನೂರಕ್ಕೆ ಹತ್ತರಷ್ಟು ಹೆಚ್ಚುತ್ತದೆ. ಮೀಟರು 60 ತೋರಿಸುವಾಗ ಗಾಡಿ 66ರಲ್ಲಿರುತ್ತದೆ. ಪಾಮ್ ಬೀಚ್ ರಸ್ತೆಯ ಕ್ಯಾಮೆರಾ ಮೀಟರಿನ ಪಾಠವನ್ನು ಒಪ್ಪುವುದಿಲ್ಲ.

ಇಷ್ಟನ್ನೂ ಟಿಪ್ಪಣಿ ಸಮೇತ ಓದಿ ಹೇಳಿದ ಮೇಲೆ ಶೆಟ್ರು ಕೇಳಿದ್ದು ಇಷ್ಟೆ: “ಮಾರಾಯ್ರೇ, ನಿಮ್ಮ ಪಾಠಾಂತರ ಎಲ್ಲ ಇರಲಿ. ಬ್ರೇಕ್ ಹಿಡೀತದಾ ಇಲ್ವಾ?”

ಹಿಡಿಯುವುದಿಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್ಮು. ವೀಲ್ ಸಿಲಿಂಡರಿನ ರಬ್ಬರು ಒಣಗಿ ಆಯಿಲ್ಲು ಲೈನರಿಗೆ ಇಳಿದಿದೆ. ಕಡಿಮೆ ದುಡ್ಡಿನ ಸಂಪಾದನೆಯ ಕ್ರಮವನ್ನು ಶೆಟ್ರ ಆ ಪ್ರಶ್ನೆಯೇ ನಿರ್ಣಯಿಸಿತು. ಮೊದಲ ಹಣ ನಿಲ್ಲುವುದಕ್ಕೆ, ಆಮೇಲಿನದು ತಿರುಗುವುದಕ್ಕೆ, ಉಳಿದರೆ ಓಡುವುದಕ್ಕೆ. ನೆತ್ತಿಯ ಮೇಲಿನ ಲೈಟಿನ ಸಾಲು, ಮೂತಿಯ ವಿಂಚು ಇವೆಲ್ಲ ಪರಿಶಿಷ್ಟ. ಚಾಸಿಸ್ಸನ್ನು ಸುತ್ತಿಗೆಯಿಂದ ತಟ್ಟಿ ನೋಡಲು ಖರ್ಚೇ ಇಲ್ಲ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ದನಿಗೊಡುತ್ತದೆ. ಪಟ್ಟಾದ ಹ್ಯಾಂಗರಿನ ಹತ್ತಿರ ಅಂಥ ಮಂಕು ದನಿ ಕೇಳಿದರೆ ಕೃತಿಯನ್ನು ಖರೀದಿಸಬೇಡಿ; ಬಣ್ಣ ಹೊಸದಾಗಿದ್ದರಂತೂ ಬೇಡವೇ ಬೇಡ.

ಕೊನೆಯ ಪೀಠ ಸಾರಿಗೆ ಕಚೇರಿ. 04 ಠಾಣೆ, 05 ಕಲ್ಯಾಣ, 43 ವಾಶಿ, 46 ಪನವೇಲ್ ಎಂಬ ನಾಲ್ಕು ಸಂಪ್ರದಾಯಗಳಿವೆ, ಸಿದ್ಧಾಂತ ಒಂದೇ. ನಾಡಿನಲ್ಲಿ ಮೂಲಪಾಠವನ್ನು ಇಷ್ಟು ಭಕ್ತಿಯಿಂದ ಕಾಯುವ ಸಂಸ್ಥೆ ಇನ್ನೊಂದಿಲ್ಲ. ಬಿ.ಎಲ್. ರೈಸರು ಎಪಿಗ್ರಾಫಿಯಾ ಕರ್ನಾಟಿಕಾಕ್ಕಾಗಿ ಊರೂರಿನ ಶಾಸನಗಳನ್ನು ಪ್ರತಿ ಮಾಡಿಸಿದಂತೆ, ಇಲ್ಲಿ ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಪಡಿಯಚ್ಚು ತೆಗೆಯುತ್ತಾರೆ. ಅಕ್ಷರ ಸವೆದಿದ್ದರೆ ಶಾಸನತಜ್ಞನಿಗೆ ಪ್ರಬಂಧ ಬರೆಯಲು ಅವಕಾಶ, ಜೀಪಿನವನಿಗೆ ಅಲೆದಾಟ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಣೆಯಿಂದ ಗಾಡಿಯನ್ನು ಬದಲಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಒಂದೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡವನ್ನೋ ಆರು ತಿಂಗಳವರೆಗಿನ ಸೆರೆಯನ್ನೋ ಎರಡನ್ನೂ ಸೇರಿಸಿಯೋ ವಿಧಿಸಬಹುದೆಂದಿತು. ಪಾಠಾಂತರವೊಂದಕ್ಕೆ ಇಷ್ಟು ಬೆಲೆ ಕಟ್ಟಿದ ವಿಶ್ವವಿದ್ಯಾಲಯವನ್ನು ನಾನು ಕಂಡಿಲ್ಲ. ಹದಿನೈದು ವರ್ಷ ದಾಟಿದ ಕಾರು-ಜೀಪಿನ ಮರುನೋಂದಣಿ ಶುಲ್ಕ 2022ರ ಏಪ್ರಿಲಿನಲ್ಲಿ 600ರಿಂದ 5,000 ರೂಪಾಯಿಗೆ ಏರಿದೆ. ಇಪ್ಪತ್ತು ದಾಟಿದವುಗಳಿಗೆ 2025ರಲ್ಲಿ 10,000 ಆಯಿತು. ಬ್ರೇಕಿಗೆ ಹಣ ಎತ್ತಿಡುವ ಮೊದಲು ಇದನ್ನು ಎತ್ತಿಡಿ.

ಮಡಿಕೇರಿ, ಸಕಲೇಶಪುರ, ಮೂಡಿಗೆರೆಯ ತೋಟದ ಶೆಡ್ಡುಗಳಲ್ಲಿ ಈ ಕೃತಿಯ ಇತರ ಪ್ರತಿಗಳು ಇರುವುದು ಖಚಿತ. ವೈಪರ್ ಮೋಟರು, ಎಡಬಾಗಿಲ ಹಿಂಜು ಅಥವಾ ಸ್ಟೆಪ್ನಿಯ ಬ್ರಾಕೆಟ್ಟು ಹೆಚ್ಚುವರಿಯಾಗಿ ಉಳ್ಳವರು ಗುಜರಿಗೆ ಹಾಕುವ ಮುನ್ನ ದಯವಿಟ್ಟು ತಿಳಿಸಬೇಕು. ಬೆಲೆ ಹೇಳುವಾಗ ಮೂಲಪಾಠವೆಂದು ಮಾತ್ರ ಹೇಳಬೇಡಿ. ಶೆಟ್ರಿಗೆ ಲೋಕಲ್ ಸಾಕು.